ಜೇಡಿಯ ತಡೆ, ಅಬ್ಬಿಯ ನೀರು

ಕುದುರೆಮುಖದ ಇಳಿಜಾರಿನಲ್ಲಿ ರಸ್ತೆಗೆಂದು ಕಡಿದ ಧರೆಯನ್ನು ಹತ್ತಿರದಿಂದ ನೋಡಬೇಕು. ಮೇಲೆ ಸಡಿಲ ಕೆಮ್ಮಣ್ಣು, ಅದರಡಿ ನುಣುಪಾದ ಜೇಡಿ. ಎಷ್ಟೋ ಕಡೆ ನೀರು ಜಿನುಗುವುದು ಅವೆರಡೂ ಸೇರುವ ಗೆರೆಯಲ್ಲೇ. ಆ ಗೆರೆಯನ್ನು ಅಂಕಿಯಲ್ಲಿ ಹಿಡಿಯುವ ಲೆಕ್ಕಕ್ಕೆ ನಾನು ಮನಸೋತಿದ್ದೇನೆ.

ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ, 1856ರಲ್ಲಿ ಪ್ರಕಟಿಸಿದ ನಿಯಮವೇ ಇದರ ಬುನಾದಿ. 9 ಮೀಟರ್ ಮಣ್ಣು, ಅದರ ನೀರು ಬಿಡುವ ಗುಣ ದಿನಕ್ಕೆ 1 ಮೀಟರ್ ಎಂದಿಟ್ಟುಕೊಳ್ಳಿ. ಕೆಳಗೆ 1 ಮೀಟರ್ ಜೇಡಿ, ಅದರ ಗುಣ 0.01. ಅಡ್ಡ ಹರಿವಿಗೆ ಪ್ರತಿ ಪದರದ ಗುಣವನ್ನು ದಪ್ಪದಿಂದ ಗುಣಿಸಿ, ಕೂಡಿಸಿ, ಒಟ್ಟು ದಪ್ಪದಿಂದ ಭಾಗಿಸಬೇಕು: ಸುಮಾರು 0.9. ಕೆಳಕ್ಕಿಳಿಯುವ ನೀರಿಗಾದರೆ ಕೂಡಿಸಬೇಕಾದ್ದು ತಡೆಯನ್ನು, ಅಂದರೆ ದಪ್ಪವನ್ನು ಗುಣದಿಂದ ಭಾಗಿಸಿದ್ದನ್ನು. ಮಣ್ಣಿನ ತಡೆ 9, ಜೇಡಿಯದು 100! ಒಟ್ಟು ದಪ್ಪ 10ನ್ನು ಒಟ್ಟು ತಡೆ 109ರಿಂದ ಭಾಗಿಸಿದರೆ ಸಿಗುವುದು ಸುಮಾರು 0.09.

ಎಂಥ ಸೊಗಸು! ಅದೇ ಗುಡ್ಡ, ಅದೇ ಮಣ್ಣು. ತೆಳ್ಳನೆಯ ಒಂದು ಪದರದಿಂದಾಗಿ ಕೆಳಗಿಳಿಯುವುದಕ್ಕಿಂತ ಅಡ್ಡ ಸಾಗುವುದು ಹತ್ತು ಪಟ್ಟು ಸಲೀಸು. ಹೀಗೆ ಪಕ್ಕಕ್ಕೆ ಹೊರಟ ನೀರಿಗೇ ಮಲೆನಾಡಿನವರು ಅಡಿಕೆ ದಬ್ಬೆ ಕೊಟ್ಟು, ಪಂಪಿಲ್ಲದೆ ಅಬ್ಬಿ ನೀರನ್ನು ಬಚ್ಚಲ ಹಂಡೆಯವರೆಗೆ ತಂದುಕೊಂಡರು.