ಪ್ರಶ್ನೆಗಳ ಪ್ರವಾಹ ಮತ್ತು ಸಮಪಾಲಿನ ನ್ಯಾಯ

ದುರ್ಗವನ್ನು ಗೆಲ್ಲುವುದಕ್ಕೆ ಗೋಡೆಯನ್ನು ಒಡೆಯಲೇಬೇಕೆಂಬ ನಿಯಮವಿಲ್ಲ. ಒಳಗಿನವರಿಗೆ ಅನ್ನನೀರು ದೊರೆಯದಂತೆ ದಾರಿಗಳನ್ನು ಕಟ್ಟಿದರೆ ಸಾಕೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಂಪ್ಯೂಟರ್ ಜಾಲಗಳ ಲೋಕದಲ್ಲಿ ಇಂತಹ ಮುತ್ತಿಗೆಗೆ ಸೇವಾನಿರಾಕರಣ ದಾಳಿ ಎಂದು ಹೆಸರು. ದಾಳಿಗಾರನು ಏನನ್ನೂ ಕದಿಯಬೇಕಾಗಿಲ್ಲ. ಉತ್ತರಿಸಲಾರದಷ್ಟು ಬೇಡಿಕೆಗಳನ್ನು ಸುರಿದರೆ, ನಿಜವಾಗಿ ಬೇಡುವವನ ದನಿ ಆ ಗದ್ದಲದಲ್ಲಿ ಅಡಗಿಹೋಗುವುದು. ಸದಸ್ಯರು ತಮ್ಮ ತಮ್ಮಲ್ಲಿಯೇ ಫೈಲುಗಳನ್ನು ಹಂಚಿಕೊಳ್ಳುವ ಜಾಲದಲ್ಲಿ ಈ ದಾಳಿಯನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನೀಲ್ ದಾಸ್ವಾನಿ ಮತ್ತು ಹೆಕ್ಟರ್ ಗಾರ್ಸಿಯಾ-ಮೊಲಿನಾ ಅವರು 2002ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕೈಗೆತ್ತಿಕೊಂಡರು. ಆ ಪ್ರಬಂಧದ ಗುಣದೋಷಗಳನ್ನು ಇತಿಹಾಸದ ಅಧ್ಯಾಪಕನ ದೃಷ್ಟಿಯಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಅರಿಯಬೇಕು. 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ವ್ಯವಸ್ಥೆಯಲ್ಲಿ ಸಂಗೀತದ ಫೈಲುಗಳು ಸದಸ್ಯರ ಮನೆಗಳಲ್ಲಿದ್ದರೂ ಅವುಗಳ ಸೂಚಿಯು ಕೇಂದ್ರದಲ್ಲಿತ್ತು. ನ್ಯಾಯಾಲಯದ ವ್ಯಾಜ್ಯದಿಂದ 2001ರ ಜುಲೈಯಲ್ಲಿ ಆ ಕೇಂದ್ರವು ನಿಂತಾಗ ವ್ಯವಸ್ಥೆಯೇ ನಿಂತುಹೋಯಿತು. 2000ದ ಮಾರ್ಚಿಯಲ್ಲಿ ಜಸ್ಟಿನ್ ಫ್ರಾಂಕೆಲ್ ಮತ್ತು ಟಾಮ್ ಪೆಪ್ಪರ್ ಹೊರತಂದ ಗ್ನುಟೆಲ್ಲದಲ್ಲಾದರೋ ಕೇಂದ್ರವೇ ಇರಲಿಲ್ಲ. ಸದಸ್ಯನು ತನ್ನ ಪ್ರಶ್ನೆಯನ್ನು ನೆರೆಯವರಿಗೆಲ್ಲ ಕಳುಹಿಸುವನು. ಅವರು ಅದನ್ನು ತಮ್ಮ ನೆರೆಯವರಿಗೆ ದಾಟಿಸುವರು. ಪ್ರಶ್ನೆಗೆ ಸಾಮಾನ್ಯವಾಗಿ ಏಳು ಹೆಜ್ಜೆಗಳ ಆಯುಸ್ಸು. ಪ್ರತಿಯೊಬ್ಬನಿಗೂ ನಾಲ್ವರು ನೆರೆಯವರಿದ್ದು, ಒಬ್ಬನಿಗೆ ಎರಡು ದಾರಿಗಳಿಂದ ಪ್ರಶ್ನೆ ಬಾರದೆಂದು ಭಾವಿಸಿದರೆ, ಒಂದೇ ಪ್ರಶ್ನೆಯು 4,372 ಸಲ ಕೈದಾಟುವುದು. ಕೇಂದ್ರವಿಲ್ಲದಿರುವಿಕೆಯು ಜಾಲಕ್ಕೆ ಶಕ್ತಿಯನ್ನು ತಂದಂತೆಯೇ ಈ ದೌರ್ಬಲ್ಯವನ್ನೂ ತಂದಿತು: ಒಬ್ಬ ದುಷ್ಟನ ಮಾತನ್ನು ಸಾವಿರಾರು ಸಜ್ಜನರು ತಾವಾಗಿಯೇ ಹೊತ್ತು ಸಾಗಿಸುವರು.

ಪ್ರಬಂಧಕಾರರ ಮೊದಲನೆಯ ಹಿರಿಮೆಯು ಪ್ರಶ್ನೆಯನ್ನು ಅವರು ರೂಪಿಸಿಕೊಂಡ ಬಗೆಯಲ್ಲಿದೆ. ಕೆಟ್ಟ ಪ್ರಶ್ನೆ ಯಾವುದು, ಒಳ್ಳೆಯದು ಯಾವುದು ಎಂದು ಗುರುತಿಸುವ ಗೊಡವೆಗೆ ಅವರು ಹೋಗಲಿಲ್ಲ. ಏಕೆಂದರೆ ಹೊರರೂಪದಲ್ಲಿ ಎರಡಕ್ಕೂ ಭೇದವಿಲ್ಲ. ಅದಕ್ಕೆ ಬದಲಾಗಿ, ಪ್ರತಿಯೊಂದು ಕಂಪ್ಯೂಟರೂ ತನ್ನ ಪರಿಮಿತ ಸಾಮರ್ಥ್ಯವನ್ನು ನೆರೆಯವರಲ್ಲಿ ಹೇಗೆ ಹಂಚಬೇಕು, ಮಿಕ್ಕ ಪ್ರಶ್ನೆಗಳಲ್ಲಿ ಯಾವುದನ್ನು ಕೈಬಿಡಬೇಕು ಎಂದು ಕೇಳಿದರು. ಹೆಚ್ಚು ಕೇಳಿದವನಿಗೆ ಹೆಚ್ಚು ಪಾಲು ಎಂಬ ನಿಯಮಕ್ಕಿಂತ, ಪ್ರತಿಯೊಬ್ಬ ನೆರೆಯವನಿಗೂ ಸಮಪಾಲು ಎಂಬ ನಿಯಮವು ಹಾನಿಯನ್ನು ತಗ್ಗಿಸುವುದೆಂದು ಅವರ ಗಣನೆಯಿಂದ ತಿಳಿದುಬರುವುದು. ನಮ್ಮ ಕೆರೆಯ ಬಯಲುಗಳಲ್ಲಿ ನೀರುಗಂಟಿಯು ಅನುಸರಿಸುತ್ತಿದ್ದ ವಿವೇಕವೂ ಇದೇ: ತೂಬಿನ ಬಳಿಯ ಗದ್ದೆಯವನು ಎಷ್ಟೇ ಕೂಗಾಡಿದರೂ ಕೊನೆಯ ಗದ್ದೆಯ ಪಾಲು ಅವನದಾಗದು.

ಆದರೆ ಈ ಸಮಪಾಲಿನ ನ್ಯಾಯಕ್ಕೆ ಎರಡು ಕೊರತೆಗಳಿವೆ. ಮೊದಲನೆಯದು, ನೆರೆಯವನು ಯಾರೆಂಬುದು. ತಲೆಗೊಂದು ಪಾಲೆಂದರೆ ತಲೆಗಳನ್ನು ಎಣಿಸಬೇಕಷ್ಟೆ. ಒಬ್ಬನೇ ಹತ್ತು ಹೆಸರುಗಳಿಂದ ಹತ್ತು ಕಡೆ ನೆರೆಯವನಾಗಿ ಬಂದರೆ ಹತ್ತು ಪಾಲುಗಳನ್ನು ನ್ಯಾಯವಾಗಿಯೇ ಪಡೆಯುವನು. ಅದೇ 2002ರಲ್ಲಿ ಜಾನ್ ಡೌಸರ್ ಅವರು, ಗುರುತನ್ನು ದೃಢಪಡಿಸುವ ಕೇಂದ್ರಾಧಿಕಾರವಿಲ್ಲದ ಜಾಲದಲ್ಲಿ ಇಂತಹ ವೇಷಧಾರಣೆಯನ್ನು ವ್ಯವಹಾರದಲ್ಲಿ ತಡೆಯಲಾಗದೆಂದು ತೋರಿಸಿ, ಅದಕ್ಕೆ ಸಿಬಿಲ್ ದಾಳಿ ಎಂಬ ಹೆಸರನ್ನು ರೂಢಿಗೆ ತಂದರು. ಈ ಎರಡು ಪ್ರಬಂಧಗಳನ್ನು ಜೊತೆಯಲ್ಲಿಟ್ಟು ಓದಿದವರಿಗೆ, ಯಾವ ಕೇಂದ್ರವನ್ನು ತೊರೆಯಲು ಗ್ನುಟೆಲ್ಲವು ಹುಟ್ಟಿತೋ ಅದು ಕಾವಲುಗಾರನ ವೇಷದಲ್ಲಿ ಮರಳುವಂತೆ ತೋರುವುದು.

ಎರಡನೆಯ ಕೊರತೆ ನಮ್ಮ ವೃತ್ತಿಗೆ ಇನ್ನೂ ಹತ್ತಿರದ್ದು. ಪ್ರಬಂಧಕಾರರು ಸೇವೆಯನ್ನು ಅಳೆದದ್ದು, ಪರಿಶೀಲನೆಗೆ ಒಳಗಾದ ಪ್ರಶ್ನೆಗಳ ಸಂಖ್ಯೆಯಿಂದ. ಈ ಲೆಕ್ಕದಲ್ಲಿ ಸಾವಿರ ಮನೆಗಳಲ್ಲಿರುವ ಹಾಡನ್ನು ಕೇಳಿದ ಪ್ರಶ್ನೆಗೂ, ಒಂದೇ ಮನೆಯಲ್ಲಿರುವ ಗ್ರಂಥವನ್ನು ಕೇಳಿದ ಪ್ರಶ್ನೆಗೂ ಒಂದೇ ಬೆಲೆ. ಮೊದಲನೆಯದು ಒಂದು ದಾರಿಯಲ್ಲಿ ಕಳೆದುಹೋದರೂ ಇನ್ನೊಂದು ದಾರಿಯಲ್ಲಿ ಉತ್ತರ ಪಡೆಯುವುದು. ಎರಡನೆಯದು ಕಳೆದರೆ ಕಳೆದಂತೆಯೇ. ದಾಳಿಯ ಪೆಟ್ಟು ಯಾವಾಗಲೂ ಅಪರೂಪದ ವಸ್ತುವನ್ನು ಅರಸುವವನ ಮೇಲೆ ಹೆಚ್ಚಾಗಿ ಬೀಳುವುದು. ಆಕರಗಳನ್ನು ಅರಸುವ ಸಂಶೋಧಕನಿಗೆ ಬೇಕಾದುದೋ ಬಹುಮಟ್ಟಿಗೆ ಅಪರೂಪದ ವಸ್ತುವೇ.

ಇದು ಬರಿಯ ತರ್ಕದ ಮಾತಲ್ಲ. 1996ರಲ್ಲಿ ಸ್ಥಾಪಿತವಾದ ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 2012ರಿಂದ ತನ್ನ ಸಂಗ್ರಹವನ್ನು ಬಿಟ್‌ಟೊರೆಂಟ್ ಎಂಬ ಹಂಚಿಕೆಯ ಕ್ರಮದಲ್ಲಿಯೂ ಒದಗಿಸಿತು. ಈ ಕ್ರಮದಲ್ಲಿ ಪಡೆಯುವವನೇ ಇತರರಿಗೆ ಕೊಡುವವನೂ ಆಗುವನು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಅನೇಕ ಹಳೆಯ ಕನ್ನಡ ಗ್ರಂಥಗಳ ಪ್ರತಿಗಳೂ ಆ ಸಂಗ್ರಹದಲ್ಲಿವೆ. 2024ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಮೇಲೆ ಸೇವಾನಿರಾಕರಣ ದಾಳಿ ನಡೆಯಿತು. ಬಳಕೆದಾರರ ವಿವರಗಳು ಕಳವಾದುದೂ ಅದೇ ವೇಳೆಗೆ ಬಯಲಾಗಿ, ಸಂಗ್ರಹವು ಹಲವು ದಿನ ಮುಚ್ಚಿತ್ತು. ಹಂಚಿಕೆಯ ಕ್ರಮವಿದ್ದ ಮಾತ್ರಕ್ಕೆ ಗ್ರಂಥವು ಉಳಿಯದು. ಬೇರೆ ಮನೆಗಳಲ್ಲಿ ಅದರ ಪ್ರತಿಯಿದ್ದು, ಆ ಮನೆಯವರು ಬಾಗಿಲನ್ನು ತೆರೆದಿಟ್ಟಿರಬೇಕು. ಕೇಂದ್ರದ ಹೊರತು ಬೇರೆಲ್ಲಿಯೂ ಪ್ರತಿಯಿಲ್ಲದ ಗ್ರಂಥದ ಪಾಲಿಗೆ ಬಿಟ್‌ಟೊರೆಂಟೂ ನ್ಯಾಪ್‌ಸ್ಟರಿನಷ್ಟೇ ಅಶಕ್ತ.

ಹಾಗೆಂದು ದಾಸ್ವಾನಿ ಮತ್ತು ಗಾರ್ಸಿಯಾ-ಮೊಲಿನಾ ಅವರ ಕೃತಿಯ ಬೆಲೆಯೇನೂ ಕುಂದದು. ದುಷ್ಟನನ್ನು ಹಿಡಿಯಲಾಗದಿದ್ದರೂ ಅವನಿಂದಾಗುವ ಕೇಡನ್ನು ನ್ಯಾಯವಾದ ಹಂಚಿಕೆಯಿಂದ ಮಿತಗೊಳಿಸಬಹುದೆಂಬ ಅವರ ಸಿದ್ಧಾಂತವು ಇಂದಿಗೂ ಗಟ್ಟಿಯಾದುದು. ಆದರೆ ಅವರು ಕಾದದ್ದು ದಾರಿಯನ್ನು, ಕಣಜವನ್ನಲ್ಲ. ನೂರಾರು ವರ್ಷಗಳ ಕಾಲ ನಮ್ಮ ಓಲೆಗರಿಗಳು ಉಳಿದುಬಂದದ್ದು ಒಂದೇ ಭಂಡಾರದ ಬೀಗದ ಬಲದಿಂದಲ್ಲ. ಮಠದಿಂದ ಮಠಕ್ಕೆ, ಬಸದಿಯಿಂದ ಬಸದಿಗೆ ಪ್ರತಿ ಮಾಡಿಕೊಂಡವರ ಶ್ರಮದಿಂದ. ಕಾಲೇಜಿನ ಪುಸ್ತಕಭಂಡಾರಗಳು ತಾವು ಬಳಸುವ ಗ್ರಂಥಗಳ ಪ್ರತಿಗಳನ್ನು ತಮ್ಮಲ್ಲಿಯೂ ಇರಿಸಿಕೊಂಡು, ಒಬ್ಬರನ್ನೊಬ್ಬರು ಅರಿತ ನೆರೆಯವರಾಗಿ ಹಂಚಿಕೊಂಡರೆ, ಮೇಲೆ ಹೇಳಿದ ಎರಡು ಕೊರತೆಗಳೂ ಬಹುಮಟ್ಟಿಗೆ ನೀಗುವುವು. ಈ ಕೆಲಸಕ್ಕೆ ಗಣಿತದ ಪಾಂಡಿತ್ಯ ಬೇಡ. ಮುಂದಿನ ಮುತ್ತಿಗೆ ಬರುವ ಮುನ್ನ ತೊಡಗುವ ಶ್ರದ್ಧೆಯೊಂದಿದ್ದರೆ ಸಾಕು.