ಮೈಕಿನಲ್ಲಿ ಆಪ್ತ ಸಮಾಲೋಚನೆ

ಪಕ್ಕದ ಮನೆ ಹುಡುಗ ಈ ಸಲ ಎಸ್ಸೆಸ್ಸೆಲ್ಸಿ. ಅರ್ಧವಾರ್ಷಿಕದಲ್ಲಿ ಮೂರು ವಿಷಯ ಹೋಗಿದೆ. ಅವರಮ್ಮ ಅಗರಬತ್ತಿ ಹೊಸೆಯುವವರು, ಒಂದು ದಿನ ತಪ್ಪಿಸಿದರೆ ಅವತ್ತಿನ ಕೂಲಿ ಇಲ್ಲ. ಹಾಗಾಗಿ ‘ಕಲಿಕೆಯಲ್ಲಿ ಹಿಂದುಳಿದವರಿಗೆ ಆಪ್ತ ಸಮಾಲೋಚನೆ’ ಅಂತ ಶಾಲೆಯಿಂದ ಫೋನು ಬಂದಾಗ ಪೋಷಕರ ಕುರ್ಚಿಯಲ್ಲಿ ಹೋಗಿ ಕೂತವನು ನಾನು.

ಹಾಲಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ವೇದಿಕೆ, ಮೈಕು. ಅತಿಥಿಗಳು ಒಂದೂವರೆ ಗಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಸುಳ್ಳು ಹೇಳಬಾರದು. ಮೊಬೈಲ್ ಬಿಡಿ, ಬೆಳಗಿನ ಜಾವ ನಾಲ್ಕಕ್ಕೆ ಏಳಿ, ಅಬ್ದುಲ್ ಕಲಾಂ ಹುಡುಗನಾಗಿದ್ದಾಗ ಮನೆಮನೆಗೆ ಪೇಪರ್ ಹಾಕಿ ಓದಿದವರು. ಚಪ್ಪಾಳೆ. ನಮ್ಮ ಹುಡುಗನೂ ತಟ್ಟಿದ. ಅವನು ದಿನಾ ಏಳೋದೇ ನಾಲ್ಕಕ್ಕೆ. ಸರಸ್ವತಿಪುರಂನಲ್ಲಿ ಪೇಪರ್ ಹಾಕಿ ಮುಗಿಸಿ ಎಂಟಕ್ಕೆ ವಿಶೇಷ ತರಗತಿಗೆ ಓಡ್ತಾನೆ. ಗಣಿತದ ಪೀರಿಯಡ್‌ನಲ್ಲಿ ತೂಕಡಿಸೋದು ಅದಕ್ಕೇ.

‘ಆಪ್ತ’ ಅನ್ನೋ ಪದವನ್ನ ಎಷ್ಟು ಚೆಂದ ಸೇರಿಸಿದ್ದೀವಿ! ಇಂಗ್ಲಿಷಿನ ಕೌನ್ಸೆಲಿಂಗ್‌ನಲ್ಲಿ ಆ ಬೆಚ್ಚಗಿನ ಮಾತಿಲ್ಲ. ಆದರೆ ಹೆಸರು ಕೂಗಿ, ಕ್ಲಾಸಿನಿಂದ ಎಬ್ಬಿಸಿ, ಸಾಲಾಗಿ ಹಾಲಿಗೆ ನಡೆಸಿದಾಗ ಅದರಲ್ಲಿ ಆಪ್ತತೆ ಎಲ್ಲುಳಿಯಿತು? ಉಳಿದ ಮಕ್ಕಳು ಕಿಟಕಿಯಿಂದ ನೋಡ್ತಾ ಇದ್ದರು. ಒಂದೂವರೆ ಗಂಟೆಯಲ್ಲಿ ಯಾವ ಮಗುವಿಗೂ ಒಂದು ಪ್ರಶ್ನೆ ಬರಲಿಲ್ಲ. ಕೊನೆಗೆ ಹಂಚಿದ್ದು ‘ಪಾಸಿಂಗ್ ಪ್ಯಾಕೇಜ್’.

ಮೈಸೂರಿಗೆ ಇದು ಹೊಸ ವಿದ್ಯೆ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಅಲ್ಲಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರನ್ನ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದವರು ಅಂತ ನೆನೆಯುತ್ತೀವಿ, ಮನಸ್ಸಿನ ಪಾಠ ಹೇಳಿದ ಮೇಷ್ಟ್ರು ಅನ್ನೋದನ್ನ ಮರೆತಿದ್ದೀವಿ. ಅವರಿಂದ ಮೈಕು ಮಾತ್ರ ಉಳಿಸಿಕೊಂಡೆವೇನೋ! ಇಲ್ಲಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾದ ಕೇಂದ್ರವೂ ಹೌದು. ಕುಕ್ಕರಹಳ್ಳಿ ಕೆರೆಯ ಆ ಕಡೆ ಇರೋ ವಿದ್ಯೆ ಈ ಕಡೆಯ ಸ್ಕೂಲಿಗೆ ಬರೋದು ಯಾಕಿಷ್ಟು ಕಷ್ಟ?

ಸುಪ್ರೀಂ ಕೋರ್ಟು 2025ರ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ತೀರಿಹೋದ ನೀಟ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, 100 ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಸಂಸ್ಥೆಗೂ ತರಬೇತಾದ ಒಬ್ಬ ಸಮಾಲೋಚಕರು ಬೇಕು ಅಂದಿದೆ. ಅಂಕ ನೋಡಿ ಗುಂಪು ಮಾಡೋದನ್ನ, ಎಲ್ಲರೆದುರು ಅವಮಾನಿಸೋದನ್ನ ಆದಷ್ಟೂ ಬಿಡಿ ಅಂತಲೂ ಹೇಳಿದೆ. ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಒಂದೇ ಫೋನಿರೋ ಒಂದೇ ಕೋಣೆಯ ಮನೆಯಿಂದ ಹುಡುಗ ಏನಂತ ಮಾತಾಡ್ತಾನೆ, ಹೇಳಿ.

ಕ್ಲಾಸ್ ಟೀಚರ್ ಇದ್ದಾರಲ್ಲ ಅಂತೀರಾ? ಪಾಠ, ಅಂಕಪಟ್ಟಿ, ಮೊಟ್ಟೆ ಲೆಕ್ಕ ಎಲ್ಲ ಅವರದೇ. ಸಾಲದ್ದಕ್ಕೆ ಆಂತರಿಕ ಅಂಕ 20 ಕೂಡ ಮೇಷ್ಟ್ರ ಕೈಯಲ್ಲೇ. ಅಂಕ ಕೊಡೋ ಕೈಗೆ ಯಾವ ಮಗು ಮನಸ್ಸು ಕೊಡುತ್ತೆ?

ಆದರೂ ಹೊರಡುವಾಗ ಆ ಮಿಸ್‌ಗೆ ಪೇಪರಿನ ವಿಷಯ ಹೇಳಿದೆ. ಪಾಪ, ಬೆಚ್ಚಿಬಿದ್ದರು. ‘ಮೊದಲೇ ಹೇಳಬಾರದಿತ್ತೇನೋ?’ ಅಂದರು. ಹುಡುಗ ನೆಲ ನೋಡ್ತಾ, ‘ಯಾರೂ ಕೇಳ್ಲಿಲ್ಲ ಮಿಸ್’ ಅಂದ.