ಹದಿನಾರು ಬಣ್ಣದ ಲಗ್ನಪತ್ರಿಕೆ

ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ, ಬನಶಂಕರಿ ಎರಡನೇ ಹಂತದ ಒಳರಸ್ತೆಗಳಲ್ಲಿ ಉಳಿದುಕೊಂಡಿರುವ ಡಿಟಿಪಿ ಅಂಗಡಿಗಳಿಗೆ ಹೋಗಿ ನೋಡಿ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದೊಂದು ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುತ್ತದೆ. ದೊಡ್ಡ ಮಗಳ ಮದುವೆಗೆ ಮಾಡಿಸಿದ್ದ ಲಗ್ನಪತ್ರಿಕೆಯೇ ಚಿಕ್ಕ ಮಗಳಿಗೂ ಬೇಕು ಎನ್ನುವ ಮನೆಗಳಿವೆ. ಆ ಫೈಲು ಪೇಜ್‌ಮೇಕರ್‌ನದು, ಫಾಂಟು ನುಡಿಯದು. ಅದರಲ್ಲಿರುವುದು ಯೂನಿಕೋಡ್ ಕನ್ನಡವಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕೂತ ಕನ್ನಡದ ತುಂಡುಗಳು. ಫಾಂಟಿಲ್ಲದೆ ತೆರೆದರೆ ‘ಶ್ರೀ ಗಣೇಶಾಯ ನಮಃ’ ಇದ್ದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು. ಹಾಗಾಗಿ ಹಳೆಯ ಹಾರ್ಡ್ ಡಿಸ್ಕನ್ನು ವಿಂಡೋಸ್ 98ರ ಸಮೇತ ಇಡಿಯಾಗಿ ಎತ್ತಿ ವರ್ಚುವಲ್ ಮಷೀನಿಗೆ ಹಾಕಿಕೊಂಡವರಿದ್ದಾರೆ. ಈ ಅಂಕಣಕಾರನ ಮಟ್ಟಿಗೆ ಅವರು ಪುಣ್ಯವಂತರು.

ತೊಂದರೆ ಶುರುವಾಗುವುದು ಅಲ್ಲಿಂದ. “ಕುಂಕುಮದ ಕೆಂಪು ಇಟ್ಟಿಗೆ ಪುಡಿ ಥರ ಕಾಣ್ತಿದೆ ಸಾರ್, ಬಾರ್ಡರೆಲ್ಲಾ ಚುಕ್ಕಿ ಚುಕ್ಕಿ” ಎಂಬ ದೂರು ನನಗೆ ಆಗಾಗ ಬರುತ್ತದೆ. ನಾನು ಮೊದಲು ಕೇಳುವುದು ಒಂದೇ: ಬಣ್ಣ ಕೆಟ್ಟಿದೆ ಸರಿ, ಹೇಗೆ ಕೆಟ್ಟಿದೆ? ಮುಕ್ಕಾಲು ಪಾಲು ಉತ್ತರ ಅದರಲ್ಲೇ ಇರುತ್ತದೆ.

ಚುಕ್ಕಿಗಳು ಕಂಡರೆ ಬಣ್ಣಗಳು 16ಕ್ಕೋ 256ಕ್ಕೋ ಇಳಿದಿವೆ. ಇಲ್ಲದ ಬಣ್ಣವನ್ನು ಇರುವ ಬಣ್ಣದ ಚುಕ್ಕಿಗಳನ್ನು ಬೆರೆಸಿ ತೋರಿಸುವ ಹಳೆಯ ಉಪಾಯವದು. ಒಂದು ಕಿಟಕಿ ಮುಂದೆ ಬಂದೊಡನೆ ಹಿಂದಿನದರ ಬಣ್ಣ ಕುಣಿದಾಡಿದರೆ ನೀವು 256ರಲ್ಲಿದ್ದೀರಿ. ಅದರಲ್ಲಿ 20ನ್ನು ವಿಂಡೋಸ್ ತನಗೇ ಇಟ್ಟುಕೊಳ್ಳುತ್ತದೆ, ಉಳಿದ 236ಕ್ಕೆ ಪ್ರೋಗ್ರಾಂಗಳ ಕಿತ್ತಾಟ. ತಿಳಿಯಿಂದ ಗಾಢಕ್ಕೆ ಇಳಿಯಬೇಕಾದ ಬಣ್ಣ ಸೀರೆಯಂಚಿನ ಹಾಗೆ ಪಟ್ಟೆ ಪಟ್ಟೆಯಾದರೆ ಅದು 16 ಬಿಟ್: ಒಟ್ಟು 65,536 ಬಣ್ಣ, ಆದರೆ ಕೆಂಪಿಗೆ 32 ಮೆಟ್ಟಿಲು, ನೀಲಿಗೆ 32, ಹಸಿರಿಗೆ ಮಾತ್ರ 64. ನಮ್ಮ ಕಣ್ಣು ಹಸಿರಿನಲ್ಲಿ ಹೆಚ್ಚು ಚುರುಕು, ಅದಕ್ಕೇ ಆ ಪಕ್ಷಪಾತ. ನಮ್ಮ ಲಗ್ನಪತ್ರಿಕೆಗಳೋ ಕೆಂಪು ಬಿಟ್ಟು ಕದಲುವುದಿಲ್ಲ, ಪಟ್ಟೆ ಎದ್ದು ಕಾಣುವುದೂ ಅಲ್ಲೇ. ಇನ್ನು ಅರಿಶಿನ ಆಕಾಶನೀಲಿಯಾಗಿ, ಕುಂಕುಮ ಕಡುನೀಲಿಯಾಗಿ ಕಂಡರೆ ಅದು ಬಣ್ಣದ ಆಳದ ರೋಗವೇ ಅಲ್ಲ. ಕೆಂಪು, ನೀಲಿ ಎರಡೂ ಜಾಗ ಅದಲುಬದಲು ಮಾಡಿಕೊಂಡಿವೆ. ಅದಕ್ಕೆ ಬಿಟ್ ಸೆಟ್ಟಿಂಗ್ ತಿರುಗಿಸುತ್ತ ಕೂತರೆ ಪ್ರಯೋಜನವಿಲ್ಲ, ಡ್ರೈವರ್ ಬದಲಿಸಬೇಕು.

ವಿಂಡೋಸ್ 98, ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ 640×480, 16 ಬಣ್ಣಕ್ಕೆ ಅಂಟಿಕೊಳ್ಳುವುದಕ್ಕೆ ಕಾರಣ ಸರಳ. ವರ್ಚುವಲ್‌ಬಾಕ್ಸ್ ತೋರಿಸುವ ಗ್ರಾಫಿಕ್ಸ್ ಕಾರ್ಡನ್ನು ಆ ಮುದುಕ ಯಾವತ್ತೂ ಕಂಡವನಲ್ಲ. ಪರಿಚಯ ಮಾಡಿಕೊಡಬೇಕಾದ ‘ಗೆಸ್ಟ್ ಅಡಿಷನ್ಸ್’ 95, 98ಕ್ಕೆ ಬರಲೇ ಇಲ್ಲ. ದಿಕ್ಕು ಕಾಣದೆ ಅವನು 1987ರ ವಿಜಿಎ ಮಟ್ಟಕ್ಕೆ ಇಳಿದು ಕೂರುತ್ತಾನೆ. ಆ ಪರದೆಯಲ್ಲಿ ಕನ್ನಡ ನೋಡುವುದು ಶಿಕ್ಷೆ. ಅಂಚು ನಯಗೊಳಿಸಲು ನಡುವಣ ಛಾಯೆಗಳೇ ಇಲ್ಲದೆ ದುಂಡಗಿನ ‘ಠ’ ಗರಗಸವಾಗುತ್ತದೆ, ಒತ್ತಕ್ಷರಗಳು ಮುದ್ದೆಯಾಗುತ್ತವೆ.

ದಾರಿ ಎರಡಿವೆ. ಹವ್ಯಾಸಿಗಳು ಬರೆದಿಟ್ಟಿರುವ ‘ವಿಎಂಡಿಸ್ಪ್9ಎಕ್ಸ್’ನಂಥ ಡ್ರೈವರ್ ಹಾಕುವುದು ಒಂದು. ಕೆಲಸ ಆಗುತ್ತದೆ. ನನಗೆ ಇಷ್ಟ ಇನ್ನೊಂದು: ಮುದುಕನಿಗೆ ಹೊಸ ಮುಖ ಪರಿಚಯಿಸುವ ಬದಲು ಅವನಿಗೆ ಗೊತ್ತಿರುವ ಮುಖವನ್ನೇ ನಾವು ಹಾಕಿಕೊಳ್ಳುವುದು. ಫ್ಯಾಬ್ರಿಸ್ ಬೆಲ್ಲಾರ್ಡ್ ಶುರುಮಾಡಿದ ಕ್ಯೂಇಎಂಯು ಎಂಬ ಎಮ್ಯುಲೇಟರಿನಲ್ಲಿ ಸಿರಸ್ ಲಾಜಿಕ್ 5446 ಕಾರ್ಡಿನ ವೇಷವಿದೆ. ಇನ್ನೊಂದು ಎಮ್ಯುಲೇಟರಾದ 86ಬಾಕ್ಸ್‌ನಲ್ಲಿ ಎಸ್3 ಟ್ರಯೋ. ಎರಡಕ್ಕೂ ಡ್ರೈವರ್ ವಿಂಡೋಸ್ 98ರ ಸಿ.ಡಿ.ಯಲ್ಲೇ ಇದೆ. ಸಿರಸ್ ಆರಿಸಿ ಚಾಲೂ ಮಾಡಿದರೆ ಮುದುಕ ತಾನೇ ಗುರುತು ಹಿಡಿದು ಡ್ರೈವರ್ ಹಾಕಿಕೊಳ್ಳುತ್ತಾನೆ. ಕ್ಯೂಇಎಂಯು 2014ರಲ್ಲಿ ತನ್ನ ರೂಢಿಯ ಕಾರ್ಡನ್ನು ಸಿರಸ್‌ನಿಂದ ಬೇರೆಯದಕ್ಕೆ ಬದಲಿಸಿತು. ಹಳೆಯ ಕಮಾಂಡನ್ನೇ ನಕಲು ಮಾಡಿದವರಿಗೆ ಬಣ್ಣ ಬರದಿದ್ದರೆ ಅದೇ ಕಾರಣ.

ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರ ಕಥೆ ಬೇರೆ. ಗೆಸ್ಟ್ ಅಡಿಷನ್ಸ್ ಅದಕ್ಕಿದೆ, ಹಾಕಿ. ಆಮೇಲೂ 32 ಬಿಟ್ ಪಟ್ಟಿಯಲ್ಲಿ ಕಾಣದಿದ್ದರೆ ವಿಡಿಯೋ ಮೆಮೊರಿ ನೋಡಿ. 1920×1200 ಪರದೆಗೆ, ಪ್ರತಿ ಚುಕ್ಕಿಗೆ 4 ಬೈಟಿನಂತೆ, 92,16,000 ಬೈಟ್ ಬೇಕು. ನೀವು ಕೊಟ್ಟಿದ್ದು 8 ಎಂ.ಬಿ. ಆದರೆ ಇರುವುದೇ 83,88,608. ಜೇಬಿನಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತಂದೀತು? ಮಷೀನ್ ನಿಲ್ಲಿಸಿ 32 ಎಂ.ಬಿ. ಕೊಡಿ. ಬಿ.ಟಿ.ಎಂ. ಲೇಔಟಿನ ಪೇಯಿಂಗ್ ಗೆಸ್ಟ್ ರೂಮಿನಿಂದ ಆಫೀಸಿನ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ, ಅದರೊಳಗಿನ ವರ್ಚುವಲ್ ಮಷೀನ್ ತೆರೆಯುವ ಹುಡುಗರು ಒಳಗೆ ಹುಡುಕುವ ಮೊದಲು ಆ ಸಂಪರ್ಕದ ಬಣ್ಣದ ಮಿತಿಯನ್ನೇ ನೋಡಬೇಕು.

ಎಲ್ಲರಿಗೂ 32 ಬಿಟ್ಟೇ ಬೇಕೆಂಬ ಹಟ ನನಗೆ ಅರ್ಥವಾಗದು. ವಿಂಡೋಸ್ 98ರ ಮನೆಗೆ 16 ಬಿಟ್ ಧಾರಾಳವಾಯಿತು. ತೊಂಬತ್ತರ ದಶಕದ ಮಕ್ಕಳ ಸಿ.ಡಿ.ಗಳಲ್ಲಿ ಕೆಲವು 256 ಬಣ್ಣ ಇದ್ದರೆ ಮಾತ್ರ ಬಾಗಿಲು ತೆರೆಯುತ್ತವೆ. ಅವಕ್ಕೆ ಹೆಚ್ಚು ಕೊಡುವುದೂ ಕೆಡಿಸಿದಂತೆಯೇ. ವಿಂಡೋಸ್ 8ರಿಂದ ಈಚೆಗೆ ಡೆಸ್ಕ್‌ಟಾಪ್ 32 ಬಿಟ್‌ಗಿಂತ ಕೆಳಗಿಳಿಯುವುದಿಲ್ಲ. ಪ್ರೋಗ್ರಾಂ ಒಂದೊಂದಕ್ಕೆ ಬೇಕಾದರೆ ಕಂಪ್ಯಾಟಿಬಿಲಿಟಿ ಪುಟದಲ್ಲಿ ಬಣ್ಣ ಇಳಿಸಬಹುದು, ಅಷ್ಟೆ.

ಡಿಟಿಪಿಯವರಿಗೆ ಒಂದು ಸಮಾಧಾನ. ಪರದೆಯ ಪಟ್ಟೆ ಪ್ಲೇಟಿಗೆ ಇಳಿಯುವುದಿಲ್ಲ. ಫೈಲಿನಲ್ಲಿರುವುದು ಶಾಯಿಯ ಪ್ರಮಾಣ, ಪರದೆ ಎಷ್ಟು ಬಣ್ಣ ತೋರಿಸಿತೆಂಬುದು ಅದಕ್ಕೆ ಲೆಕ್ಕಕ್ಕಿಲ್ಲ. 16 ಬಣ್ಣದ ಪರದೆಯಲ್ಲಿ ಕೂಡಿಸಿದ ಪತ್ರಿಕೆಯೂ ಆಫ್‌ಸೆಟ್‌ನಲ್ಲಿ ಸರಿಯಾಗಿಯೇ ಬರುತ್ತದೆ. ಆದರೆ ಈಗ ಪ್ರೂಫ್ ಹೋಗುವುದು ವಾಟ್ಸ್ಯಾಪ್‌ನಲ್ಲಿ, ಸ್ಕ್ರೀನ್‌ಶಾಟ್ ಆಗಿ. ಅದರೊಳಗೆ ಪಟ್ಟೆ, ಚುಕ್ಕಿ ಎಲ್ಲವೂ ಭದ್ರವಾಗಿ ಕೂತಿರುತ್ತವೆ. ಜೆ.ಪಿ. ನಗರದ ಬೀಗರು ಅದನ್ನು ನೋಡಿ ಗಲಾಟೆ ಮಾಡದೆ ಇರುತ್ತಾರೆಯೇ? ಸ್ಕ್ರೀನ್‌ಶಾಟ್ ಬಿಡಿ, ಪೇಜ್‌ಮೇಕರ್‌ನಿಂದಲೇ ಪಿಡಿಎಫ್ ಮಾಡಿ ಕಳಿಸಿ.